ಲ್ಯಾನ್ಸಿಯ ಮೈಕಿನ ಬ್ಯಾಟರಿ

ಲ್ಯಾನ್ಸಿ, ಆ ದಿನ ನಿನ್ನ ಮೈಕಿನ ಬ್ಯಾಟರಿ ಮುಗಿದಿರಲಿಲ್ಲ. ಸೌಂಡಿನ ಮೇಜಿನಲ್ಲಿದ್ದ ನಾನೇ ಗುಂಡಿ ಕೆಳಗೆಳೆದು ನಿನ್ನ ದನಿ ನಿಲ್ಲಿಸಿದೆ. ಆಮೇಲೆ ಎಲ್ಲರೆದುರು, "ಹಳೇ ಬ್ಯಾಟರಿ, ಹೋಗ್ತದೆ ಬರ್ತದೆ. ಹೊಸತು ಹಾಕ್ಲಿಕ್ಕೆ ಹೇಳಿದ್ದೆ, ಇವ ಕೇಳ್ಲಿಲ್ಲ" ಎಂದು ತಪ್ಪನ್ನು ನಿನ್ನ ತಲೆಗೇ ಕಟ್ಟಿದೆ. ನೀನು ನಂಬಿದೆ. ನಂಬಿದ್ದಷ್ಟೇ ಅಲ್ಲ — ನನ್ನ ಹತ್ತಿರ ಕ್ಷಮೆ ಬೇರೆ ಕೇಳಿದೆ.

ಇದನ್ನು ನಮ್ಮ ಕನ್ನಡ ಸಂಘದ ಸಂಚಿಕೆಗೆ ಕೊಡುತ್ತಿದ್ದೇನೆ. ಎಲ್ಲರೆದುರು ಹೇಳಿದ ಸುಳ್ಳನ್ನು ನಿನ್ನ ಕಿವಿಯಲ್ಲಷ್ಟೇ ಒಪ್ಪಿಕೊಂಡರೆ ಅದೂ ಇನ್ನೊಂದು ಕಳ್ಳತನವಾದೀತು.

ಎಂಥ ದಿನಗಳವು, ಮಾರಾಯ! ಈ ಕೊಲ್ಲಿ ದೇಶದಲ್ಲಿ, ಗುದೈಬಿಯಾದ ಆ ರೆಸ್ಟೋರೆಂಟಿನ ಮೇಲಿನ ಫ್ಲಾಟು, ಗುರುವಾರ ಸಂಜೆಯ ರಿಹರ್ಸಲ್ಲು. ನಾನು ಮೀನಾ ಸಲ್ಮಾನ್ ಬಂದರಿನ ಗೋದಾಮಿನ ಆಫೀಸು ಮುಗಿಸಿ ಬೆವರೊರೆಸಿಕೊಳ್ಳುತ್ತ ಬರುತ್ತಿದ್ದೆ. ನೀನು ಹೋಟೆಲಿನ ರಿಸೆಪ್ಶನ್ ಕೆಲಸ ಮುಗಿಸಿ, ಟೈ ಬಿಚ್ಚಿ ಕಿಸೆಗೆ ತುರುಕಿಕೊಂಡು ಬರುತ್ತಿದ್ದೆ. ಸೋಫಾವನ್ನು ಗೋಡೆಗೆ ತಳ್ಳಿದರೆ ಅದೇ ನಮ್ಮ ರಂಗಸ್ಥಳ. ಕೆಳಗಿನಿಂದ ಬನ್ಸ್ ಬರುತ್ತಿತ್ತು, ಕರಕ್ ಚಹಾ ಬರುತ್ತಿತ್ತು. ನಮ್ಮ ಕರಾವಳಿಯ ನಾಟಕಗಳಲ್ಲಿ ಹಾಸ್ಯಗಾರನಿಗೆ ಪೂರ್ತಿ ಮಾತು ಬರೆದುಕೊಡುವ ಕ್ರಮ ಎಲ್ಲಿದೆ? ಒಂದಿಷ್ಟು ಜಾಗ ಖಾಲಿ ಬಿಡುತ್ತಾರೆ, ಉಳಿದದ್ದು ಅವನ ಬಾಯಿಗೆ ಸೇರಿದ್ದು. ಆ ಖಾಲಿ ಜಾಗದಲ್ಲಿ ನೀನು ಏನು ಹೇಳುತ್ತೀಯೆಂದು ನಿರ್ದೇಶಕರಿಗೂ ಗೊತ್ತಿರುತ್ತಿರಲಿಲ್ಲ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಮತ್ತೆ ನಮ್ಮ ಜಗಳಗಳು! ನಿನ್ನ ಹೋಟೆಲಿನ ಲಾಬಿಯಲ್ಲಿ ದಿನವಿಡೀ ಅಮೆರಿಕದ ಸುದ್ದಿ ಓಡುತ್ತಿತ್ತು. ಅಲ್ಲಿಯ ಮಾಜಿ ಅಧ್ಯಕ್ಷರೊಬ್ಬರ ಖಾತೆಯನ್ನೇ ಜಾಲತಾಣದ ಕಂಪನಿಯವರು ಬಂದ್ ಮಾಡಿದ್ದ ಕಾಲ ಅದು. ಒಳ್ಳೆಯದೇ ಆಯಿತು ಎಂದೆ ನಾನು. ನೀನು ಚಹಾದ ಲೋಟ ಕುಕ್ಕಿದೆ.

"ಅವ ಹೇಳುದು ನನಗೂ ಪಸಂದಿಲ್ಲ. ಆದ್ರೆ ಬಾಯಿ ಮುಚ್ಚಿಸ್ಲಿಕ್ಕೆ ಇವರು ಯಾರು?"

"ಅಂಗಡಿ ಅವರದ್ದು, ಬಾಗಿಲು ಅವರದ್ದು" ಎಂದೆ.

"ಅದೇ ಅಲ್ವಾ ಮಾರಾಯ! ಸರ್ಕಾರ ಬಾಯಿ ಮುಚ್ಚಿಸಬಾರ್ದು ಅಂತ ಅವರ ಸಂವಿಧಾನದಲ್ಲಿ ಬರೆದಿಟ್ಟಿದ್ದಾರೆ. ಅಂಗಡಿಯವನೂ ಮುಚ್ಚಿಸಬಾರ್ದು ಅಂತ ಬರೀಲಿಕ್ಕೆ ಮರೆತರು!"

ನಮಗೆ ಓಟೇ ಇಲ್ಲದ ದೇಶದ ಬಗ್ಗೆ ಅಷ್ಟು ಕಿರುಚಾಡುತ್ತಿದ್ದೆವು. ಕೊನೆಗೆ ನೀನೇ "ಖಲ್ಲಿವಲ್ಲಿ, ಬಿಡು" ಎಂದು ನನ್ನ ತಟ್ಟೆಯ ಬನ್ಸಿಗೆ ಕೈ ಹಾಕುತ್ತಿದ್ದೆ. ಆ ಜಗಳ ಈಗ ಬೇಕೆಂದರೂ ಸಿಗುವುದಿಲ್ಲ.

ನಾಟಕದ ದಿನ ಮುಖ್ಯ ಅತಿಥಿ ನನ್ನ ಬಾಸ್, ಅಮೆರಿಕದವರು. ಕರೆದದ್ದು ನಾನೇ, ನಾಲ್ಕು ಜನರ ಮುಂದೆ ದೊಡ್ಡವನಾಗುವ ಆಸೆಗೆ. ಕನ್ನಡ ಬಾರದ ಅವರ ಪಕ್ಕದಲ್ಲಿ ನನ್ನ ಹೆಂಡತಿ ಶೋಭಾ ಕೂತು ಒಂದೊಂದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಆ ಮನುಷ್ಯ ತನ್ನ ದೇಶದ ರಾಜಕೀಯದಲ್ಲಿ ಯಾರ ಕಡೆಯವರೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ನಾನು ಹಾಲಿನ ಹಿಂಬದಿಯಲ್ಲಿ, ಸೌಂಡಿನ ಮೇಜಿನಲ್ಲಿ. ಮದುವೆ ದಲ್ಲಾಳಿಯ ವೇಷದಲ್ಲಿ ನೀನು ಕೊಡೆ ಊರಿಕೊಂಡು ಮುಂದೆ ಬಂದು ಸುರು ಮಾಡಿದೆ —

"ಅಮೆರಿಕದಿಂದ ಒಬ್ಬ ದೊಡ್ಡ ಮನುಷ್ಯನ ಫೋನ್ ಬಂದಿತ್ತು. ಅಲ್ಲಿ ಅವನಿಗೆ ಬಾಯಿ ಬಿಡ್ಲಿಕ್ಕೆ ಬಿಡುದಿಲ್ಲವಂತೆ, ಪಾಪ. ನಾನು ಹೇಳಿದೆ, ನೀನು ನಮ್ಮ ನಾಟಕಕ್ಕೆ ಬಾ ಮಾರಾಯ, ಇಲ್ಲಿ —"

ಶೋಭಾ ಬಾಸಿನ ಕಿವಿಯ ಕಡೆ ಬಾಗಿದ್ದು ಕಂಡಿತು. ಅವರು ಆ ದೊಡ್ಡ ಮನುಷ್ಯನ ಕಡೆಯವರಾಗಿದ್ದರೆ ಎಂಬ ಹೆದರಿಕೆಯೊಂದೇ ಇತ್ತು. ವೀಸಾ, ಮಗಳ ಸ್ಕೂಲು, ಗುಫೂಲಿನ ಬಾಡಿಗೆ ಮನೆ — ಇದೆಲ್ಲ ಆಗ ಕಣ್ಣ ಮುಂದೆ ಬಂತು ಎಂದು ಬರೆಯಬಹುದಿತ್ತು. ಬರಲಿಲ್ಲ. ಅಷ್ಟು ಯೋಚಿಸುವ ಪುರುಸೊತ್ತೇ ಇರಲಿಲ್ಲ. ಕೈ ತಾನಾಗಿ ಹೋಯಿತು — ಛೆ, ಅದೂ ಸುಳ್ಳು. ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ನಾನು ಎಳೆದೆ. ಯಾರೂ ಹೇಳಿರಲಿಲ್ಲ.

ನಿನ್ನ ತುಟಿ ಆಡುತ್ತಿತ್ತು, ದನಿಯಿಲ್ಲ. ಹಿಂದಿನವರು "ಕೇಳುದಿಲ್ಲ!" ಎಂದು ಬೊಬ್ಬೆ ಹಾಕಿದರು. ನೀನು ಕಕ್ಕಾಬಿಕ್ಕಿಯಾಗಿ ಮುಂದಿನ ಮಾತನ್ನೂ ಮರೆತು ಬರಿದೇ ನಿಂತುಬಿಟ್ಟೆ. ನಾನು ಗುಂಡಿ ಮೇಲೇರಿಸಿದಾಗ ಹಾಲಿಗೆಲ್ಲ ಕೇಳಿಸಿದ್ದು "ಎಂಥ ಆಯ್ತು?" ಎಂಬ ನಿನ್ನ ಹೆದರಿದ ದನಿ. ಜನ ನಕ್ಕರು. ಅಷ್ಟು ವರ್ಷ ನೀನು ಅವರನ್ನು ನಗಿಸಿದ್ದೆ. ಆ ದಿನ ಅವರು ನಿನ್ನನ್ನು ನೋಡಿ ನಕ್ಕರು.

ನಾಟಕ ಮುಗಿದ ಮೇಲೆ ಬಾಸ್ ನನ್ನನ್ನು ಹುಡುಕಿಕೊಂಡು ಬಂದರು. ಆ ದೊಡ್ಡ ಮನುಷ್ಯನಿಗೆ ದಲ್ಲಾಳಿ ಏನು ಹೇಳಿದ ಎಂದು ಅವರಿಗೆ ತಿಳಿಯಬೇಕಿತ್ತಂತೆ. ತಮ್ಮ ಅಧ್ಯಕ್ಷರನ್ನು ಗೇಲಿ ಮಾಡುವುದು ತಮ್ಮೂರಲ್ಲಿ ಎಲ್ಲರ ಹಕ್ಕು ಎಂದು ನಕ್ಕರು. ಅವರಿಗೂ ಬ್ಯಾಟರಿಯ ಕತೆಯನ್ನೇ ಹೇಳಿದೆ.

ಆಮೇಲೆ ನೀನು ಬಣ್ಣ ಹಚ್ಚಲಿಲ್ಲ. "ನನ್ನಿಂದಾಗುದಿಲ್ಲ ಸುಧಾಕರ, ನಿಂತ್ರೆ ಆವತ್ತಿಂದು ನೆನಪಾಗಿ ಬಾಯಿ ಕಟ್ತದೆ" ಎಂದೆ. ಈಗ ನಾಟಕದ ದಿನ ಬೇಗ ಬಂದು ಕುರ್ಚಿ ಜೋಡಿಸುತ್ತೀಯ. ಅದನ್ನು ನೋಡಿಯೂ ಬಾಯಿ ಬಿಡದೆ ವರ್ಷಗಳನ್ನು ಕಳೆದೆ.

ಕಳೆದ ಶುಕ್ರವಾರ, ಅದೇ ರೆಸ್ಟೋರೆಂಟಿನಲ್ಲಿ, ತಡೆಯಲಾಗದೆ ಕೇಳಿದೆ — ಆವತ್ತು "ಇಲ್ಲಿ" ಎಂದ ಮೇಲೆ ಏನು ಹೇಳುವವನಿದ್ದೆ? ನೀನು ಸ್ವಲ್ಪ ನಾಚಿಕೊಂಡೆ. ಆಮೇಲೆ ದಲ್ಲಾಳಿಯ ದನಿಯಲ್ಲಿ, ಮೆಲ್ಲಗೆ ಹೇಳಿದೆ:

"ಇಲ್ಲಿ ಮೈಕ್ ನಮ್ಮ ಸುಧಾಕರನ ಕೈಯಲ್ಲಿ ಉಂಟು. ಏನು ಬೇಕಾದ್ರೂ ಹೇಳು, ಹೆದರ್ಬೇಡ."

ನಾನು ನಕ್ಕೆ. ನೀನೂ ನಕ್ಕೆ. ಆಗಲೂ ನಿಜ ಹೇಳಲಾಗಲಿಲ್ಲ, ಅದಕ್ಕೇ ಇದನ್ನು ಬರೆದೆ. ನೀನು ನನ್ನ ಜೊತೆ ಮಾತು ಬಿಟ್ಟರೂ ಸರಿಯೇ, ನಾನು ಕೇಳುವುದಿಷ್ಟೇ. ಈ ಸಲ ಕುರ್ಚಿ ನಾನು ಜೋಡಿಸುತ್ತೇನೆ, ಸೌಂಡಿನ ಮೇಜಿನಲ್ಲಿ ಬೇರೆಯವರು ಕೂರಲಿ. ನೀನು ಬಣ್ಣ ಹಚ್ಚಿ, ಹಾಲಿಗೆಲ್ಲ ಕೇಳುವಂತೆ ಆ ಮಾತು ಹೇಳು, ಲ್ಯಾನ್ಸಿ. ಅದರಲ್ಲಿ ನನ್ನ ಹೆಸರೊಂದನ್ನು ತೆಗೆದುಬಿಡು.