ಬಸಳೆಗೆ ಚಕ್ರ ತೊಳೆದ ನೀರು

ಕಾರವಾರದಿಂದ ಅಂಕೋಲೆಗೆ ದಿನಾ ಓಡಾಡುವ ನಮ್ಮ ದುಬಾರಿ ಎಸ್‌ಯುವಿಯ ಚಕ್ರಗಳು ಬ್ರೇಕಿನ ಧೂಳಿಗೆ ಕಪ್ಪಾಗುತ್ತಿದ್ದವು. ಬೆಳಗಾದರೆ ಗಂಡ ಅವನ್ನು ತೊಳೆಯುತ್ತ ಕೂರುತ್ತಿದ್ದರು; ನಾನು ಮಾಡಿಟ್ಟ ಚಹಾ ತಣ್ಣಗಾಗುತ್ತಿತ್ತು. ತೊಳೆದ ನೀರು ಹರಿದು ಅತ್ತೆಯ ಬಸಳೆ ಚಪ್ಪರದ ಬುಡ ಸೇರುತ್ತಿತ್ತು.

ಸಿಟ್ಟು ಬಂದು ನಾನೇ ಗ್ಯಾರೇಜಿಗೆ ಹೋದೆ. ಬ್ರೇಕಿಗೆ ಸೆರಾಮಿಕ್ ಪ್ಯಾಡು ಹಾಕಿದರೆ ಧೂಳು ಕಡಿಮೆ ಉದುರುತ್ತದೆ, ಆದರೆ ಬೆಲೆ ಜಾಸ್ತಿ ಎಂದರು. ತಣ್ಣಗಾಗುವ ಚಹಾ ನೆನಪಾಗಿ ಅದನ್ನೇ ಹಾಕಿಸಿದೆ. ಚಕ್ರಗಳು ಹೊಳೆದವು. ಗಂಡ ಬಿಸಿ ಚಹಾ ಕುಡಿದರು. ಬಸಳೆ ಬಾಡಿತು.

"ಬಾವಿಯಿಂದ ಒಂದು ಕೊಡಪಾನ ನೀರು ಹಾಕಿದ್ರೆ ಆಯ್ತಲ್ಲ ಅತ್ತೆ," ಎಂದೆ.

"ಚಲೋ ನೀರು ಬಸಳೆಗೆ ಯಾರಾದ್ರೂ ಹಾಕ್ತಾರೇನೆ?" ಎಂದರು. ನಮ್ಮಲ್ಲಿ ಬಸಳೆಗೆ ಯಾವತ್ತೂ ಬಳಸಿದ ನೀರೇ.

ಈಗ ಗಂಡ ದಿನಾ ಬೆಳಿಗ್ಗೆ ಹೊಳೆಯುವ ಚಕ್ರಗಳನ್ನು ತೊಳೆಯುತ್ತಾರೆ. ಚಹಾ ತಣ್ಣಗಾಗುತ್ತದೆ.