ಮಹಾಗೋಡೆಯ ಬುಡದಲ್ಲಿ

ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ನಿನ ಕನ್ನಡಿಗರು ಯಾರೂ ಆರಿಸದಿದ್ದರೂ ನಮ್ಮಲ್ಲಿನ ಹಿರಿಯರೊಬ್ಬರು ತಾವೇ ನಮ್ಮ ಟ್ರಿಪ್ ಲೀಡರ್ ಆಗಿದ್ದರು. ಮಾತಿಗೆ ಮೊದಲು ಹೆಬ್ಬೆರಳುಗಳನ್ನು ಬ್ಯಾಗಿನ ಪಟ್ಟಿಗೆ ಸಿಕ್ಕಿಸಿ ಎದೆ ಉಬ್ಬಿಸುತ್ತಿದ್ದರು. ಆಮೇಲೆ, "ಬ್ಯಾಕ್‌ಪ್ಯಾಕಿಂಗ್ ಅಂದ್ರೆ ಅಡ್ಜಸ್ಟ್ ಮಾಡ್ಕೋಬೇಕು ರೀ" ಎನ್ನುತ್ತಿದ್ದರು. ಅಡ್ಜಸ್ಟ್ ಮಾಡಿಕೊಳ್ಳಬೇಕಾದವರು ಯಾವಾಗಲೂ ಬೇರೆಯವರು.

ಕೊರೊನಾಕ್ಕೆ ಸ್ವಲ್ಪ ಮುಂಚೆ ಅವರ ಹಿಂದೆ ಚೀನಾಕ್ಕೆ ಹೋದೆವು. ಊಟದ ಖರ್ಚು ಉಳಿಸಲೆಂದು ನಮ್ಮ ಚೀಲಗಳಿಗೆ ರೈಸ್ ಕುಕ್ಕರ್, ಸೋನಾ ಮಸೂರಿ, ಪುಳಿಯೋಗರೆ ಗೊಜ್ಜು ತುಂಬಿಸಿದ್ದರು. ಆ ಭಾರ ಹೊತ್ತು ಮೆಟ್ಟಿಲು ಹತ್ತಲಾಗದು ಎಂಬುದು ಮಹಾಗೋಡೆಯ ಬುಡಕ್ಕೆ ಬಂದ ಮೇಲೆ ಗೊತ್ತಾಯಿತು. ಲಾಕರಿಗೆ ದುಡ್ಡು ಕೊಡುವುದು ಅವರ ಧರ್ಮಕ್ಕೆ ವಿರುದ್ಧ.

"ಅಡ್ಜಸ್ಟ್ ಮಾಡ್ಕೊಳ್ಳಿ, ನೀವು ಇಲ್ಲೇ ಕೂತಿರಿ. ಬೇಗ ಬಂದ್ಬಿಡ್ತೀವಿ" ಎಂದು ನನಗೆ ಹೇಳಿ, ಉಳಿದವರನ್ನು ಕರೆದುಕೊಂಡು ಹತ್ತಿದರು. ಅವರು ಇಳಿಯುವಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು. ನಾನು ಚೀನಾದಲ್ಲಿ ಹತ್ತಿರದಿಂದ ಕಂಡ ಗೋಡೆ ನಮ್ಮ ಚೀಲಗಳದ್ದು.

ಲಾಕ್‌ಡೌನ್ ಬಂದಾಗ ಅವರು ವಿಡಿಯೋ ಕಾಲ್‌ನಲ್ಲಿ ಊರಿನ ಕನ್ನಡಿಗರಿಗೆಲ್ಲ ಫೋಟೋ ತೋರಿಸುತ್ತ ಕೊರೆಯತೊಡಗಿದರು. ಮನೆಯೊಳಗೆ ಕೂತಿದ್ದರೂ ಅವರ ಬೆನ್ನಿಗೆ ಬ್ಯಾಗ್ ಇತ್ತು.

"ಹೇಳಿ ರೀ, ಮೇಲೆ ಗಾಳಿ ಹೆಂಗಿತ್ತು?" ಎಂದು ನನ್ನನ್ನೇ ಸಾಕ್ಷಿ ಕೇಳಿದರು.

"ನಾನು ಹತ್ತಲೇ ಇಲ್ವಲ್ಲ. ಕೆಳಗೆ ಬ್ಯಾಗ್ ಕಾಯ್ತಿದ್ದೆ" ಎಂದೆ.

ಅವರು ಹೆಬ್ಬೆರಳುಗಳನ್ನು ಪಟ್ಟಿಗೆ ಸಿಕ್ಕಿಸಿ ನಕ್ಕರು.

"ಒಳ್ಳೇದೇ ಆಯ್ತು ಬಿಡಿ. ಬಾರ್ಡರ್ ಓಪನ್ ಆದ್ಮೇಲೆ ಮತ್ತೆ ಹೋಗೋಣ. ಬ್ಯಾಗ್ ನೀವೇ ನೋಡ್ಕೊಳ್ಳಿ, ನಿಮಗೆ ಎಕ್ಸ್‌ಪೀರಿಯನ್ಸ್ ಇದೆ."