ಮೇಲಿನ ಗೆರೆ, ಮೇಲಿನ ತಂತಿ

ಕಲಬುರಗಿಯ ಗಾಜಿಪುರದಲ್ಲಿ ನಾನು ವಾದ್ಯ ರಿಪೇರಿಯ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಹಾರ್ಮೋನಿಯಂ, ತಬಲಾ, ತಂಬೂರಿ, ಏನೇ ತಂದರೂ ಬಿಚ್ಚಿ ನೋಡಿ ಸರಿಮಾಡಿ ಕೊಡುತ್ತೇನೆ. ಜನ ನನ್ನನ್ನು ಮುಕುಂದ ಮಾಸ್ತರ್ ಎನ್ನುತ್ತಾರೆ. ಮಾಸ್ತರ್ ಎನ್ನಿಸಿಕೊಂಡವನಿಗೆ ಒಂದು ರೋಗ ಹತ್ತುತ್ತದೆ, ‘ನನಗೆ ಗೊತ್ತಿಲ್ಲ’ ಎಂಬ ಮಾತು ಬಾಯಿಗೇ ಬರುವುದಿಲ್ಲ. ಆ ರೋಗದಿಂದ ಕಮಲಾಪುರದ ಕಸ್ತೂರಿಬಾಯಿಗೆ ನಾನೊಂದು ಅನ್ಯಾಯ ಮಾಡಿದೆ. ಅದನ್ನು ಬರೆಯಲು ಕೂತರೆ ನಾಚಿಕೆಗಿಂತ ಅವಳ ಬಗ್ಗೆ ಹೆಮ್ಮೆಯೇ ಹೆಚ್ಚಾಗುತ್ತದೆ. ಬೈಯುವವರು ಬೈಯಲಿ.

ಕಸ್ತೂರಿಬಾಯಿಗೆ ನಲವತ್ತೆರಡು ವರ್ಷ. ಕಮಲಾಪುರದ ಮನೆಯಲ್ಲಿ ನಸುಕಿಗೇ ಎದ್ದು ಜೋಳದ ರೊಟ್ಟಿ ಬಡಿದು, ಬುಟ್ಟಿಗೆ ತುಂಬಿ, ಬಸ್ಸಿನಲ್ಲಿ ಕಲಬುರಗಿಯ ಖಾನಾವಳಿಗಳಿಗೆ ತಂದು ಕೊಡುತ್ತಾಳೆ. ಒಂದು ಮದುವೆಗೆ ರೊಟ್ಟಿ ಕೊಡಲು ಹೋದಾಗ ಅಲ್ಲಿಯ ಆರ್ಕೆಸ್ಟ್ರಾದಲ್ಲಿ ಒಬ್ಬಾತ ನಾಲ್ಕು ತಂತಿಯ ಬೇಸ್ ಗಿಟಾರನ್ನು ಹೆಬ್ಬೆರಳಿನಿಂದ ಬಡಿಯುತ್ತ, ತೋರುಬೆರಳಿನಿಂದ ಎಳೆದು ಬಿಡುತ್ತ ನುಡಿಸುತ್ತಿದ್ದನಂತೆ. ಈ ಬಾರಿಸುವ ರೀತಿಗೆ ಸ್ಲ್ಯಾಪ್ ಎನ್ನುತ್ತಾರೆ. ಕಸ್ತೂರಿಬಾಯಿ ಬುಟ್ಟಿ ಕೆಳಗಿಟ್ಟು ಕೊನೆಯ ಹಾಡಿನವರೆಗೂ ನಿಂತುಬಿಟ್ಟಳು. ಮರುದಿನ ನನ್ನ ಅಂಗಡಿಗೆ ಬಂದಳು. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಒಂದು ಬೇಸ್ ಗಿಟಾರ್ ನನ್ನ ಗೋಡೆಯ ಮೊಳೆಗೆ ವರ್ಷಗಟ್ಟಲೆ ಜೋತುಬಿದ್ದಿತ್ತು.

“ಮಾಸ್ತರ್ರಿ, ಆ ದಪ್ಪ ತಂತಿ ಗಿಟಾರ ನಂಗ ಕೊಡ್ರಿ.”

“ಅದು ನಿನ್ನ ಕೈಲಿ ಆಗೂದಲ್ಲವ್ವ. ಬೆರಳು ಹರೀತಾವ.”

“ರೊಟ್ಟಿ ಬಡದ ಕೈ ಅದರಿ ಇದು. ಹಂಚಿನ ಮ್ಯಾಲ ಸುಡಲಾರದ್ದು ತಂತಿಗೆ ಹರೀತದೇನು?”

ಮೊಳೆಯಿಂದ ಇಳಿಸಿ, ಧೂಳು ಒರೆಸಿ ಕೊಟ್ಟುಬಿಟ್ಟೆ.

ಅದೇ ಹೊತ್ತಿಗೆ ನಮ್ಮೂರಿನ ರೋಜಾ ಬಡಾವಣೆಯ ಹತ್ತಿರ ಆರ್ಕೆಸ್ಟ್ರಾ ನಡೆಸುವ ನೋಮಾನ್ ಬೇಸ್ ನುಡಿಸುವವರೊಬ್ಬರನ್ನು ಹುಡುಕುತ್ತಿದ್ದ. ಕೇಳಿದವರಿಗೆಲ್ಲ ಒಂದೇ ಹಾಳೆಯ ಫೋಟೋ ಕಳಿಸಿದ್ದ. ಮೂರು ತಿಂಗಳ ನಂತರ ಒಂದು ಭಾನುವಾರ, ಆ ಹಾಳೆಯನ್ನು ಎಲ್ಲೂ ನಿಲ್ಲದೆ ನುಡಿಸಿದವರಿಗೆ ಮದುವೆ ಸೀಜನ್ನಿನಲ್ಲಿ ಜಾಗ. ಕಸ್ತೂರಿಬಾಯಿಗೆ ಆ ಜಾಗ ಬೇಕಿತ್ತು. ಜನ ನಗುತ್ತಾರೆಂದು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ಹಾಳೆ ಸ್ವರಲಿಪಿಯಲ್ಲ, ಟ್ಯಾಬ್. ನಾಲ್ಕು ತಂತಿಗೆ ನಾಲ್ಕು ಗೆರೆ. ಗೆರೆಯ ಮೇಲಿನ ಅಂಕಿ ಗಿಟಾರಿನ ಕೊರಳಿನ ಪಟ್ಟಿಗಳ ನಡುವೆ ಎಷ್ಟನೆಯ ಮನೆಯಲ್ಲಿ ತಂತಿ ಒತ್ತಬೇಕೆಂದು ಹೇಳುತ್ತದೆ. ಕೆಳಗೆ ‘ಟಿ’ ಇದ್ದರೆ ಹೆಬ್ಬೆರಳಿನ ಪೆಟ್ಟು, ‘ಪಿ’ ಇದ್ದರೆ ಬೆರಳಿನ ಎಳೆತ. ಇಷ್ಟನ್ನು ಅವಳ ಮಗಳು ಪ್ರೀತಿ ಫೋನಿನಲ್ಲಿ ಓದಿ ಹೇಳಿದ್ದಳು. ಆದರೆ ಯಾವ ಗೆರೆ ಯಾವ ತಂತಿಯದೆಂದು ತೋರಿಸುವ ಎಡ ಅಂಚಿನ ಅಕ್ಷರಗಳು ಫೋಟೋದಲ್ಲೂ ಇರಲಿಲ್ಲ, ಪ್ರಿಂಟಿನಲ್ಲೂ ಬಂದಿರಲಿಲ್ಲ. ಅದಕ್ಕೇ ಹಾಳೆ ಹಿಡಿದು ನನ್ನಲ್ಲಿಗೆ ಬಂದಳು.

“ಮಾಸ್ತರ್ರಿ, ಮ್ಯಾಲಿನ ಗೆರಿ ಯಾವ ತಂತಿರಿ?”

ಅಂಥ ಹಾಳೆಯನ್ನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕೂತಿದ್ದರು. ಅವರೆದುರು ಸೋಲುವುದುಂಟೇ?

“ಮ್ಯಾಲಿನ ಗೆರಿ ಅಂದ್ರ ಮ್ಯಾಲಿನ ತಂತಿ. ಇಷ್ಟೂ ತಿಳಿಯಂಗಿಲ್ಲೇನು?” ಎಂದು ಪೆನ್ಸಿಲ್ ತೆಗೆದು ಮೇಲಿನ ಗೆರೆಯ ಮುಂದೆ ‘ದಪ್ಪ’, ಕೆಳಗಿನ ಗೆರೆಯ ಮುಂದೆ ‘ಸಣ್ಣ’ ಎಂದು ಬರೆದುಕೊಟ್ಟೆ. ಅವಳು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಮಡಚಿ ಇಟ್ಟುಕೊಂಡಳು.

ವಾರಕ್ಕೊಮ್ಮೆ ತಂತಿ ಶ್ರುತಿ ಮಾಡಿಸಲು ಬರುತ್ತಿದ್ದಳು. ಎರಡನೇ ತಿಂಗಳಲ್ಲಿ ಅವಳ ತೋರುಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ ಸುತ್ತಿತ್ತು.

“ದಪ್ಪ ತಂತಿ ಎಳದ್ರ ಚರ್ಮ ಕಿತ್ತು ಬರ್ತದರಿ. ಎಲ್ಲರಿಗೂ ಹಿಂಗಽ ಆಗ್ತದೇನ್ರಿ?”

“ಕುಣೀಲಾಕ ಬಾರದಾಕಿ ನೆಲ ಡೊಂಕು ಅಂದಳಂತ,” ಎಂದೆ ನಾನು.

ಅವಳು ಖಾಲಿ ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದಳು.

ಭಾನುವಾರ ಬಂತು. “ನೀವು ಬಂದ್ರ ಧೈರ್ಯ ಇರ್ತದ” ಎಂದು ನನ್ನನ್ನೂ ಕರೆದುಕೊಂಡು ಹೋದಳು. ನೋಮಾನನ ಮಹಡಿಯ ಕೋಣೆಯಲ್ಲಿ ಅವಳಿಗಿಂತ ಮೊದಲು ನುಡಿಸಿದ ಇಬ್ಬರು ನಡುವೆಯೇ ತಡವರಿಸಿ ನಿಂತಿದ್ದರು. ಕಸ್ತೂರಿಬಾಯಿ ಸೆರಗು ಬಿಗಿದು ಕೂತು, ಹಾಳೆಯನ್ನು ಸ್ಟೂಲಿನ ಮೇಲಿಟ್ಟು ನುಡಿಸಿದಳು. ಎಲ್ಲೂ ನಿಲ್ಲಲಿಲ್ಲ, ತಾಳ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಆದರೆ ಅದರಲ್ಲಿ ರಾಗವೇ ಇರಲಿಲ್ಲ. ಆ ರಾಗ ಹೇಗಿರಬೇಕೆಂದು ಮೂರು ತಿಂಗಳಲ್ಲಿ ಅವಳಿಗೆ ಯಾರೂ ಕೇಳಿಸಿರಲಿಲ್ಲ. ನೋಮಾನ್ ಹುಬ್ಬು ಗಂಟಿಕ್ಕಿ ಎದ್ದು ಬಂದು ಹಾಳೆ ನೋಡಿದ.

“ಅಕ್ಕಾ, ಇದು ಪೂರಾ ಉಲ್ಟಾ ಅದ. ಮ್ಯಾಲಿನ ಗೆರಿ ಸಣ್ಣ ತಂತಿದು, ತಳಗಿನ ಗೆರಿ ದಪ್ಪ ತಂತಿದು. ದಪ್ಪ ತಂತಿನ ಹೆಬ್ಬೆರಳಲೆ ಬಡೀಬೇಕು, ಸಣ್ಣದನ್ನ ಎಳೀಬೇಕು. ಯಾರು ಬರದ್ರು ಇದನ್ನ?”

ಕಸ್ತೂರಿಬಾಯಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ನಾನಽ ಬರಕೊಂಡೀನ್ರಿ,” ಎಂದಳು.

ಮೂರು ತಿಂಗಳ ದುಡಿಮೆ ಕಣ್ಣೆದುರೇ ನೀರುಪಾಲಾಗುವಾಗಲೂ ನನ್ನ ಮಾನ ಕಾಯಲು ಹೊರಟಿದ್ದಳು. ಇನ್ನು ಸುಮ್ಮನಿದ್ದರೆ ನಾನು ಮನುಷ್ಯನೇ ಅಲ್ಲ.

“ಬರದಾಂವ ನಾನು, ನೋಮಾನ್. ನಂಗ ಗೊತ್ತಿರಲಿಲ್ಲ. ಗೊತ್ತದ ಅಂತ ಹೇಳಿದೆ.”

ಯಾರೋ ಕಿಸಕ್ಕೆಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಅಂದು ನನ್ನ ಮೀಸೆ ಪೂರ್ತಿ ಮಣ್ಣಾಯಿತು.

“ಒಂದು ತಾಸು ಟೈಮ್ ಕೊಡ್ರಿ,” ಎಂದಳು ಕಸ್ತೂರಿಬಾಯಿ.

“ಮೂರು ತಿಂಗಳು ಕಲ್ತ ಕೈ ಒಂದು ತಾಸಿನ್ಯಾಗ ತಿರಗಂಗಿಲ್ಲಕ್ಕಾ.”

“ಹಂಚಿನ ಮ್ಯಾಲಿನ ರೊಟ್ಟಿ ತಿರುವಿ ಹಾಕೂದು ನಮಗೇನು ಹೊಸಾದಲ್ಲರಿ.”

ನೋಮಾನ್ ಆಗಲಿ ಎಂದು ತಲೆಯಾಡಿಸಿದ. ಅವಳು ನನ್ನ ಜೇಬಿನ ಪೆನ್ಸಿಲನ್ನೇ ಕೇಳಿ ತೆಗೆದುಕೊಂಡು, ನಾನು ಬರೆದದ್ದನ್ನು ಹೊಡೆದುಹಾಕಿ, ‘ಸಣ್ಣ’ವನ್ನು ಮೇಲೆ, ‘ದಪ್ಪ’ವನ್ನು ಕೆಳಗೆ ಬರೆದಳು. ಕೆಳಗಿನ ಜಗಲಿಗೆ ಇಳಿದು ಗೋಡೆಗೆ ಮುಖ ಮಾಡಿ ಕೂತಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲು ಬೆರಳು ಹಳೆಯ ತಂತಿಗೇ ಹೋಗುತ್ತಿತ್ತು, ಅವಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಆಮೇಲೆ ನಿಧಾನಕ್ಕೆ ಹೊಂದಿಕೊಂಡಿತು. ಪೆಟ್ಟು ಯಾವುದು, ಎಳೆತ ಯಾವುದು ಎಂಬುದು ಮೊದಲಿನಿಂದಲೂ ಸರಿಯಾಗಿಯೇ ಇತ್ತು, ತಂತಿ ಮಾತ್ರ ಬದಲಾಗಬೇಕಿತ್ತು. ಮೂರು ತಿಂಗಳು ದಪ್ಪ ತಂತಿ ಎಳೆದ ಬೆರಳಿಗೆ ಸಣ್ಣ ತಂತಿ ದಾರದಂತೆ ಎದ್ದು ಬಂತು. ಎರಡು ಕೊಡ ಹೊತ್ತವಳಿಗೆ ಒಂದೇ ಕೊಡ ಹೊರಿಸಿದ ಹಾಗೆ.

ತಾಸು ಮುಗಿಯುವ ಮೊದಲೇ ಮೇಲೆ ಬಂದು ಕೂತು ನುಡಿಸಿದಳು. ಅದೇ ಹಾಳೆ, ಅದೇ ತಾಳ, ಆದರೆ ಈ ಸಲ ನೆಲ ನಡುಗುವಂಥ ನಾದ. ಅರ್ಧಕ್ಕೆ ಬಂದಾಗ ಡ್ರಮ್ಮಿನವನು ಯಾರೂ ಹೇಳದೆ ಹೋಗಿ ಕೂತು ಜೊತೆ ಕೊಟ್ಟ. ನನ್ನ ಕಣ್ಣು ತುಂಬಿ ಬಂತು, ಮುಚ್ಚಿಡಲು ನಾನು ಹೋಗಲಿಲ್ಲ.

“ಜಾಗ ನಿಮ್ದಽ ಅಕ್ಕಾ,” ಎಂದ ನೋಮಾನ್. “ಆದ್ರ ಮೊದ್ಲು ದಪ್ಪ ತಂತಿ ಎಳದ್ರಲ್ಲ, ಅದನ್ನ ಬಿಡಬ್ಯಾಡ್ರಿ. ಹಾಡಿನ ಕಡೀಕ ಒಮ್ಮೆ ಹಾಕ್ರಿ. ನಮ್ಮಾಗ ಯಾರ ಬೆರಳಿಗೂ ಅಷ್ಟು ತಾಕತ್ ಇಲ್ಲ.”

ಎರಡು ಮದುವೆ ಸೀಜನ್ ಕಳೆದವು. ಈಗ ಮೈಕಿನಲ್ಲಿ ‘ಬೇಸ್ ಗಿಟಾರ್, ಕಮಲಾಪುರದ ಕಸ್ತೂರಿಬಾಯಿ’ ಎಂದು ಕೂಗುತ್ತಾರೆ. ಅವಳ ಓಣಿಯ ಹೆಂಗಸರು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಬೆಳಿಗ್ಗೆ ರೊಟ್ಟಿ ಬಡಿಯುವುದನ್ನು ಅವಳು ಬಿಟ್ಟಿಲ್ಲ.

ಮೊನ್ನೆ ಅಂಜನಾ ಎಂಬ ಕಾಲೇಜು ಹುಡುಗಿ ಟ್ಯಾಬ್ ಹಾಳೆ ಹಿಡಿದು ನನ್ನ ಅಂಗಡಿಗೆ ಬಂದಳು. ಅಂಗಡಿ ತುಂಬ ಗಿರಾಕಿಗಳಿದ್ದರು.

“ಮಾಸ್ತರ್ರಿ, ಇದನ್ನ ಹ್ಯಾಂಗ ಓದಬೇಕ್ರಿ?”

“ನಂಗ ಗೊತ್ತಿಲ್ಲವ್ವ,” ಎಂದೆ ಎಲ್ಲರಿಗೂ ಕೇಳುವಂತೆ. “ಕಮಲಾಪುರದ ಬಸ್ ಹತ್ತು, ಕಸ್ತೂರಿಬಾಯಿ ಮನಿ ಎಲ್ಲದ ಅಂತ ಕೇಳು. ಆಕಿ ನನ್ನ ಮಾಸ್ತರ್.”